ಮೇಲಿನ ದೀಪ, ಕೆಳಗಿನ ದೀಪ

ಸಿರುಗುಪ್ಪ
10 ಜುಲೈ 1976

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಯುಗಾದಿಯಿಂದ ಈಚೆಗೆ ನಿನ್ನ ಒಂದು ಕಾರ್ಡೂ ಬಂದಿಲ್ಲ. ಬಳ್ಳಾರಿಯಿಂದ ಇಲ್ಲಿಗೆ ಬಸ್ಸು ಬೇಕಾದಷ್ಟಿವೆ. ಹುಡುಗರಿಗೆ ಲೋಲಕದ ಪಾಠ ಹೇಳುವ ಲೆಕ್ಚರರು ವರ್ಷಕ್ಕೊಮ್ಮೆ ತಂಗಿಯ ಕಡೆಗೂ ತೂಗಿ ಬರಬಹುದು.

ಆದರೆ ಇವತ್ತು ಬೈಯಲು ಬರೆಯುತ್ತಿಲ್ಲ. ಆಸ್ಪತ್ರೆಗೆ ಕರೂರಿನಿಂದ ಪಾರಮ್ಮ ಎಂಬ ಹೆಂಗಸು ಬಂದಿದ್ದಳು. ಭತ್ತದ ನಾಟಿಗೆ ಕೂಲಿ ಹೋಗುವವಳು, ಇನ್ನೂ ಚಿಕ್ಕ ವಯಸ್ಸು. ಗದ್ದೆಯಲ್ಲಿ ಬಗ್ಗಿ ನಿಂತವಳು ಇದ್ದಕ್ಕಿದ್ದ ಹಾಗೆ ಬೀಳುತ್ತಾಳಂತೆ. ಗಂಡ ಎರ್ರಣ್ಣ ಗಾಡಿ ಕಟ್ಟಿಕೊಂಡು ಕರೆತಂದಿದ್ದ. ಜೊತೆಗೆ ಅತ್ತೆ ಹುಲುಗಮ್ಮ. ಪಾರಮ್ಮನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಯೊಂದನ್ನು ಹಿಡಿಸಿದ್ದರು.

"ಮೂರ್ಛಿ ರೋಗ ಐತ್ರಿ ಡಾಕ್ಟ್ರಮ್ಮ. ಕಬ್ಬಿಣ ಹಿಡಿಸಿದ್ರ ಏಳ್ತಾಳ," ಎಂದಳು ಹುಲುಗಮ್ಮ.

ನಾನು ಕೀಲಿ ತೆಗೆದಿಟ್ಟು ನಾಡಿ ಹಿಡಿದೆ. ಅದು ಎಷ್ಟು ನಿಧಾನವಾಗಿತ್ತೆಂದರೆ, ಒಂದು ಬಡಿತ ಆದ ಮೇಲೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಹಾಗೆ ಕಾಯುತ್ತಿರುವಾಗ ಕಣ್ಣು ಆಕೆಯ ಕೊರಳಿನ ಕಡೆ ಹೋಯಿತು. ಕೊರಳ ನರ ಬೇರೆಯದೇ ಲಯದಲ್ಲಿ, ದುಪ್ಪಟ್ಟು ವೇಗದಲ್ಲಿ ಕುಣಿಯುತ್ತಿತ್ತು. ಗುಂಡಿಗೆಯ ಮೇಲಿನ ಕೋಣೆಗಳು ಒಂದು ತಾಳ, ಕೆಳಗಿನವು ಇನ್ನೊಂದು ತಾಳ. ನಡುವೆ ಸುದ್ದಿ ಮುಟ್ಟಿಸುವ ತಂತು ಕೆಟ್ಟಿದೆ.

ನನ್ನ ಪುಸ್ತಕಗಳಲ್ಲಿ ಇದಕ್ಕೆ ಹೆಸರಿದೆ. ಹೀಗೇಕೆ ಎಂಬುದು ನನಗೇ ಮನಸ್ಸಿಗೆ ಇಳಿಯುವಂತೆ ಅಲ್ಲಿಲ್ಲ, ಮತ್ತೆ ಈ ಮಂದಿಗೆ ಹೇಗೆ ತಿಳಿಸಲಿ? ತಮ್ಮ ತಮ್ಮ ವೇಗದಲ್ಲಿ ತೂಗುವ ಹಲವು ವಸ್ತುಗಳು ಒಂದೇ ಲಯಕ್ಕೆ ಬೀಳುವುದರ ಮೇಲೆ ನೀನು ಪ್ರಬಂಧ ಬರೆಯುತ್ತಿದ್ದೀಯಲ್ಲ. ಕೊಂಡಿ ಕಡಿದರೆ ಏನಾಗುತ್ತದೆಂದು ನೀನು ಹೇಳು.

ಪಂಚಮಿಗೆ ಬಾ. ಉಂಡೆ ಕಟ್ಟುತ್ತೇನೆ.

ನಿನ್ನ ತಂಗಿ
ಚನ್ನವೀರಮ್ಮ


ಬಳ್ಳಾರಿ
17 ಜುಲೈ 1976

ಚೆನ್ನಿ,

ನಿನ್ನ ಪತ್ರ ಬಂದಾಗ ಪ್ರಯೋಗಶಾಲೆಯ ನೆಲದ ಮೇಲೆ ಕುಳಿತು ಬೆಸುಗೆ ಹಾಕುತ್ತಿದ್ದೆ. ಈ ಕೆಲಸ ಯಾರಿಗೆ ಬೇಕಪ್ಪಾ ಎಂದು ನಮ್ಮ ಪ್ರಿನ್ಸಿಪಾಲರು ಕೇಳುತ್ತಲೇ ಇರುತ್ತಾರೆ. ಇನ್ನು ಮೇಲೆ ಕರೂರಿನ ಪಾರಮ್ಮನಿಗೆ ಬೇಕು ಎನ್ನುತ್ತೇನೆ.

ಕರೆಂಟು ಕೆಲಸದವರ ಟೆಸ್ಟರಿನೊಳಗೆ ಒಂದು ಚಿಕ್ಕ ಕೆಂಪು ಬಲ್ಬು ಇರುತ್ತದೆ, ನೋಡಿದ್ದೀಯ. ಬ್ರೂಸ್‌ಪೇಟೆಯ ರೇಡಿಯೊ ಅಂಗಡಿಯಲ್ಲಿ ಅಂಥವನ್ನು ರಾಶಿ ಕೊಂಡಿದ್ದೇನೆ. ಅಂಗಡಿಯವನಿಗೆ ನನ್ನ ಮೇಲೆ ಅನುಮಾನ ಬಂದಿದೆ. ಒಂದೊಂದು ಬಲ್ಬಿಗೂ ಒಂದೊಂದು ಕಂಡೆನ್ಸರು. ಅದನ್ನು ಕೊಡ ಎಂದುಕೋ. ಕರೆಂಟು ಹನಿಹನಿಯಾಗಿ ಕೊಡಕ್ಕೆ ತುಂಬುತ್ತದೆ. ತುಂಬಿದ ಕೂಡಲೇ ಚೆಲ್ಲಿಬಿಡುತ್ತದೆ, ಬಲ್ಬು ಮಿನುಗುತ್ತದೆ. ಮತ್ತೆ ತುಂಬುತ್ತದೆ. ಯಾವ ಎರಡು ಕೊಡಗಳೂ ಒಂದೇ ವೇಗದಲ್ಲಿ ತುಂಬುವುದಿಲ್ಲ, ಹಾಗಾಗಿ ಹಲಗೆಯ ತುಂಬ ಬಲ್ಬುಗಳು ಮನಸ್ಸಿಗೆ ಬಂದಂತೆ ಮಿನುಗುತ್ತಿರುತ್ತವೆ.

ಈಗ ಪಕ್ಕಪಕ್ಕದವುಗಳ ನಡುವೆ ಕೊಂಡಿ ಹಾಕುತ್ತೇನೆ. ಒಂದು ಚೆಲ್ಲಿದಾಗ ಒಂದಿಷ್ಟು ಪಕ್ಕದ್ದಕ್ಕೆ ತಾಗುತ್ತದೆ. ಕೊಂಡಿ ತೆಳ್ಳಗಿದ್ದರೆ ಯಾರಿಗೂ ಯಾರ ಪರಿವೆಯೂ ಇಲ್ಲ. ಕೊಂಡಿಯನ್ನು ಬಲಪಡಿಸುತ್ತ ಹೋದರೂ ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಹದಕ್ಕೆ ಬಂದಾಗ, ಇದ್ದಕ್ಕಿದ್ದಂತೆ, ಕೆಲವು ಒಟ್ಟಿಗೆ ಮಿನುಗತೊಡಗುತ್ತವೆ. ಉಳಿದವನ್ನೂ ಎಳೆದುಕೊಳ್ಳುತ್ತವೆ. ನಿಧಾನದ್ದು ಒಂದಿಷ್ಟು ಓಡುತ್ತದೆ, ಅವಸರದ್ದು ಒಂದಿಷ್ಟು ಕಾಯುತ್ತದೆ. ಯಾರೂ ಆಜ್ಞೆ ಕೊಟ್ಟಿರುವುದಿಲ್ಲ. ಗುಂಡಿಗೆಯ ನೆತ್ತಿಯಲ್ಲೂ ಸಾವಿರಾರು ಜೀವಕೋಶಗಳು ಹೀಗೆಯೇ ಕೂಡಿ ಒಂದು ಬಡಿತ ಕಟ್ಟುತ್ತವೆಂದು ಈಚೆಗೆ ಓದಿದೆ. ಅಲ್ಲಿ ದೊರೆಯಿಲ್ಲ, ಬರೀ ನೆರೆಹೊರೆ.

ಆ ಬಡಿತ ತಂತುವಿನ ಮೂಲಕ ಕೆಳಗೆ ಹೋಗುತ್ತದೆ. ಕೆಳಗಿನ ಕೋಣೆಗೂ ತನ್ನದೇ ಒಂದು ನಿಧಾನದ ಲಯ ಉಂಟು. ಮೇಲಿನಿಂದ ಸುದ್ದಿ ಬರುತ್ತಿರುವ ತನಕ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ತಂತು ಕಡಿದಾಗ ಅದು ಒಂಟಿಯಾಗಿ ನಡೆಯಬೇಕು. ನಿನಗಾಗಿ ಎರಡೇ ದೀಪದ ಚಿಕ್ಕ ಹಲಗೆ ಮಾಡುತ್ತೇನೆ, ಮೇಲೊಂದು, ಕೆಳಗೊಂದು.

ಒಂದು ಪ್ರಶ್ನೆ. ಬಿದ್ದಾಗ ಆಕೆಯ ಮುಖ ಬೂದಿಯಂತಾಗುತ್ತದೆಯೇ? ಎದ್ದ ಮೇಲೆ ಕೆಂಪೇರುತ್ತದೆಯೇ? ಎದ್ದ ಕೂಡಲೇ ಎಲ್ಲರ ಗುರುತು ಹತ್ತುತ್ತದೆಯೇ? ಸರ್ಕ್ಯೂಟಿಗಾಗಿ ಕೇಳುತ್ತಿದ್ದೇನೆ.

ಕೀಲಿಯ ಮಾತು ಓದಿ ಕುರುಗೋಡಿನ ಮನೆ ನೆನಪಾಯಿತು. ಅವ್ವನ ಕೈಗೂ ಹಿಡಿಸುತ್ತಿದ್ದರು. ನೀನು ಚಿಕ್ಕವಳು, ನಿನಗೆ ನೆನಪಿರಲಾರದು.

ಪಂಚಮಿಗೆ ಬರಲಾಗದು. ಪರೀಕ್ಷೆಯ ಪೇಪರುಗಳಿವೆ.

ಕೊಟ್ರಬಸಪ್ಪ


ಸಿರುಗುಪ್ಪ
9 ಆಗಸ್ಟ್ 1976

ಅಣ್ಣಾ,

ಪಂಚಮಿ ಹೋಯಿತು. ಉಂಡೆಗಳನ್ನು ವಾರ್ಡಿನವರಿಗೆ ಹಂಚಿದೆ.

ಹೋದ ಮಂಗಳವಾರ ಪಾರಮ್ಮನನ್ನು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ನಾನೇ ಕರೆತಂದಿದ್ದೆ. ಎದೆಬಡಿತದ ಇ.ಸಿ.ಜಿ. ಪಟ್ಟಿ ತೆಗೆಸಿದೆವು. ನನ್ನ ಊಹೆ ಸರಿ. ತಂತು ಪೂರ್ತಿ ಕಡಿದಿದೆ. ಕೆಲಸ ಮುಗಿಸಿ ನಿನ್ನ ಕಾಲೇಜಿಗೆ ಬಂದೆ. ಸಾಹೇಬರು ಈಗ ತಾನೆ ಹೊರಗೆ ಹೋದರು ಎಂದ ಜವಾನ. ನಿನ್ನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಕಪ್ಪಿನಲ್ಲಿ ಅರ್ಧ ಚಹಾ ಇತ್ತು, ಇನ್ನೂ ಬಿಸಿಯಿತ್ತು. ಬಸ್ಸಿನ ಹೊತ್ತಾಗುವ ತನಕ ಕುಳಿತೆ. ನೀನು ಬರಲಿಲ್ಲ.

ನನ್ನ ಮೇಲೆ ನಿನಗಿನ್ನೂ ಸಿಟ್ಟಿದೆ ಎಂದು ಗೊತ್ತು. ಸುವರ್ಣಮ್ಮನ ಸಂಬಂಧ ತಂದವಳು ನಾನು. ಅವ್ವನ ಮೂರ್ಛೆ ನಮ್ಮ ರಕ್ತದಲ್ಲಿದೆ, ಒಂದು ಹೆಣ್ಣಿನ ಬಾಳು ಹಾಳು ಮಾಡಲಾರೆ ಎಂದು ನೀನು ಬೇಡವೆಂದಾಗ, ಹತ್ತು ಜನರ ಎದುರು ನಿನ್ನನ್ನು ಅಂಜುಬುರುಕ ಎಂದವಳೂ ನಾನೇ. ಅದಾಗಿ ಎಷ್ಟು ಕಾಲವಾಯಿತು. ಅವಳಿಗೀಗ ಮಕ್ಕಳಿದ್ದಾರೆ. ನೀನಿನ್ನೂ ಮುಖ ತಪ್ಪಿಸುತ್ತಿದ್ದೀಯ.

ನಿನ್ನ ಪ್ರಶ್ನೆಗೆ ಉತ್ತರ: ಹೌದು, ಮೂರೂ ಹೌದು. ಹುಲುಗಮ್ಮನನ್ನು ಕೇಳಿದೆ. ಬಿದ್ದಾಗ ಬೂದಿ, ಎದ್ದಾಗ ಕುಂಕುಮ ಎಂದಳು. ಕೂಡಲೇ ಗುರುತು ಹತ್ತುತ್ತದೆ. ನಿನಗೆ ಇದು ಹೇಗೆ ತಿಳಿಯಿತು?

ಇದಕ್ಕಿರುವ ಚಿಕಿತ್ಸೆ ಒಂದೇ. ಎದೆಯ ಚರ್ಮದಡಿ ಬ್ಯಾಟರಿಯ ಡಬ್ಬಿ ಇಟ್ಟು, ತಂತಿಯಿಂದ ಕೆಳಗಿನ ಕೋಣೆಗೆ ತಾಳ ಕೊಡುವುದು. ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಬರೆದಿದ್ದೆ. ಧರ್ಮದ ಲೆಕ್ಕದಲ್ಲಿ ಒಂದು ಡಬ್ಬಿ ಇವಳ ಹೆಸರಿಗೆ ಇಡುತ್ತೇವೆ, ಕರೆತನ್ನಿ ಎಂದು ಒಪ್ಪಿದ್ದಾರೆ. ಆದರೆ ಹುಲುಗಮ್ಮ ಬಿಡಳು. ಗುಂಡಿಗೆ ಕೊಯ್ಯಲು ಪರದೇಶಕ್ಕೆ ಕಳಿಸುವುದಿಲ್ಲ ಎನ್ನುತ್ತಾಳೆ. ಪಾರಮ್ಮನ ಮೈಮೇಲೆ ಗಾಳಿ ಬರುತ್ತದೆಂದು ಊರವರೂ ಆಡಿಕೊಳ್ಳುತ್ತಾರೆ. ಪಾರಮ್ಮನಿಗೆ ಹೊನ್ನೂರಿ ಎಂಬ ಪುಟ್ಟ ಮಗಳಿದ್ದಾಳೆ, ಅವಳನ್ನು ಮುಂದೆ ನಿಲ್ಲಿಸಿಕೊಂಡು ಅಳುತ್ತಾಳೆ. ಎರ್ರಣ್ಣ ಇಬ್ಬರ ಮುಖವನ್ನೂ ನೋಡುತ್ತಾನೆ.

ನೀನು ಹಲಗೆ ತೆಗೆದುಕೊಂಡು ಕರೂರಿಗೆ ಬಾ. ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಬಾ.

ಚೆನ್ನಿ


ಬಳ್ಳಾರಿ
20 ಆಗಸ್ಟ್ 1976

ಚೆನ್ನಿ,

ಮುಖ ಬಣ್ಣಗೆಡುವ ವಿಚಾರ ಯಾವುದೋ ಪುಸ್ತಕದಲ್ಲಿ ಓದಿದ್ದು. ಸಿಟ್ಟು ಗಿಟ್ಟು ಏನೂ ಇಲ್ಲ. ಆ ದಿನ ಕೆಲಸವಿತ್ತು.

ಹಲಗೆಯನ್ನು ಸಿರುಗುಪ್ಪದ ಬಸ್ಸಿನ ಕಂಡಕ್ಟರು ಓಬಣ್ಣನ ಕೈಯಲ್ಲಿ ಕಳಿಸಿದ್ದೇನೆ. ಒಳ್ಳೆಯ ಮನುಷ್ಯ, ತನ್ನ ಸೀಟಿನ ಮೇಲೇ ಇಟ್ಟುಕೊಂಡು ತರುತ್ತೇನೆ ಎಂದ. ಕರೆಂಟು ಇರುವ ಜಾಗ ಬೇಕು, ಕತ್ತಲು ಮಾಡಿಕೋ. ಎಡಗಡೆಯ ತಿರುಪು ಕೊಂಡಿ. ಪೂರ್ತಿ ತಿರುಗಿಸಿದರೆ ಮೇಲಿನ ದೀಪದ ಹಿಂದೆಯೇ ಕೆಳಗಿನದು ಮಿನುಗುತ್ತದೆ, ಒಂದೂ ತಪ್ಪುವುದಿಲ್ಲ. ಸಡಿಲಿಸುತ್ತ ಬಂದರೆ ಮೊದಲು ಒಂದೊಂದು ತಪ್ಪುತ್ತದೆ. ಆಮೇಲೆ ಎರಡಕ್ಕೆ ಒಂದು. ಆಮೇಲೆ ಸಂಬಂಧವೇ ಇಲ್ಲ. ಬಲಗಡೆ ಒಂದು ಸ್ವಿಚ್ಚಿದೆ. ಅದು ಹೊರಗಿನಿಂದ ಕೆಳದೀಪಕ್ಕೆ ತಟ್ಟುತ್ತದೆ. ಅದೇ ನಿನ್ನ ವೆಲ್ಲೂರಿನ ಡಬ್ಬಿ. ಅದನ್ನು ಕೊನೆಯಲ್ಲಿ ತೋರಿಸು.

ನಾನು ಬರಲಾರೆ. ದಯವಿಟ್ಟು ಕಾರಣ ಕೇಳಬೇಡ. ಅವರನ್ನು ಒಪ್ಪಿಸು, ಬೇಗ ಒಪ್ಪಿಸು.

ಕೊಟ್ರಬಸಪ್ಪ


ಸಿರುಗುಪ್ಪ
6 ಸೆಪ್ಟೆಂಬರ್ 1976

ಅಣ್ಣಾ,

ಕೆಲಸ ಆಯಿತು. ನೀನು ಇರಬೇಕಾಗಿತ್ತು.

ಕರೂರಿನ ಹಿಟ್ಟಿನ ಗಿರಣಿಯಲ್ಲಿ ಕರೆಂಟು ಇದೆ. ಗಿರಣಿಯವನು ಮಧ್ಯಾಹ್ನ ಯಂತ್ರ ನಿಲ್ಲಿಸಿ, ಬಾಗಿಲು ಮುಚ್ಚಿಕೊಟ್ಟ. ಸೇರು, ಬುಟ್ಟಿ ಹಿಡಿದು ಬಂದಿದ್ದ ಹೆಂಗಸರೆಲ್ಲ ಒಳಗೇ ಉಳಿದರು. ಹಲಗೆಯನ್ನು ಜೋಳದ ಚೀಲದ ಮೇಲಿಟ್ಟೆ. ಮೇಲಿನ ದೀಪ, ಅದರ ಹಿಂದೆ ಕೆಳಗಿನ ದೀಪ. ಇದು ನನ್ನ ಗುಂಡಿಗೆ ಎಂದು ಹೇಳಿ ಒಬ್ಬೊಬ್ಬರ ಕೈಯನ್ನೂ ನನ್ನ ನಾಡಿಯ ಮೇಲೆ ಇಡಿಸಿದೆ. ಆಮೇಲೆ ತಿರುಪು ಸಡಿಲಿಸಿದೆ. ಕೆಳಗಿನದು ತಪ್ಪತೊಡಗಿತು. ಪೂರ್ತಿ ಬಿಟ್ಟಾಗ ಮೇಲಿನದು ಚುರುಕಾಗಿ ಮಿನುಗುತ್ತಲೇ ಇತ್ತು, ಕೆಳಗಿನದು ಯಾವಾಗಲೋ ಒಮ್ಮೆ. ಪಾರಮ್ಮನ ಕೊರಳನ್ನೂ ಮಣಿಕಟ್ಟನ್ನೂ ಮುಟ್ಟಿ ನೋಡಿರೆಂದೆ. ಅಕ್ಕಪಕ್ಕದ ಹೆಂಗಸರು ಮುಟ್ಟಿದರು. ಕೊನೆಗೆ ಹುಲುಗಮ್ಮನೂ ಮುಟ್ಟಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಪಾರಮ್ಮ ತಾನಾಗಿ ಮಾತಾಡಿದ್ದು ಅದೇ ಮೊದಲು. "ನನಗ ಯಾರೂ ಮೈಮ್ಯಾಲೆ ಬರಾಂಗಿಲ್ಲ. ನಡುವಿನ ತಂತಿ ಹರದೈತಿ, ಅಷ್ಟ ಹೌದಲ್ರಿ?"

ಅಷ್ಟೇ ಎಂದೆ. ಸ್ವಿಚ್ಚು ಹಾಕಿದೆ. ಕೆಳಗಿನ ದೀಪ ಮತ್ತೆ ನಿಯಮಿತವಾಗಿ ಮಿನುಗಿತು. ಪಾರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣೀರೋ ಬೆವರೋ ಕತ್ತಲಲ್ಲಿ ಕಾಣಲಿಲ್ಲ.

ಹುಲುಗಮ್ಮ ಒಪ್ಪಿದಳು. "ಕಳೆ ಮುಗೀಲಿ, ದಸರಾ ಆಗ್ಲಿ. ನಾನ ಕೈ ಹಿಡ್ದು ಕರಕೊಂಡು ಹೋಗ್ತೀನಿ," ಎಂದಳು. ಈಗಲೇ ಹೋಗಿರೆಂದು ನಾನು ಒತ್ತಾಯಿಸಿದೆ. ಆದರೆ ಬೇಡವೆನ್ನುತ್ತಿದ್ದವಳು ಹೂಂ ಎಂದಿದ್ದೇ ದೊಡ್ಡದೆನಿಸಿತು. ಹೆಚ್ಚು ಎಳೆದರೆ ಹರಿದೀತೆಂದು ಸುಮ್ಮನಾದೆ. ಅಲ್ಲಿಯ ತನಕ ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟಿದ್ದೇನೆ.

ಇನ್ನೊಂದು ಮಾತಿದೆ. ಅದನ್ನು ಬರೆಯಲಾರೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ನೀನು ಸಿಗುವುದಾದರೆ.

ಚೆನ್ನಿ


ಬಳ್ಳಾರಿ
20 ಸೆಪ್ಟೆಂಬರ್ 1976

ಚೆನ್ನಿ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಪ್ರಬಂಧದ ಪರೀಕ್ಷಕರು ಹೊಗಳಿದರೂ ಇಷ್ಟು ಸಂತೋಷ ಆಗಲಾರದು.

ದೊಡ್ಡ ಹಲಗೆಯೂ ಮೊನ್ನೆ ಮುಗಿಯಿತು. ಕಿಟಕಿಗಳಿಗೆ ಕಂಬಳಿ ಕಟ್ಟಿ ಹುಡುಗರನ್ನು ಕೂರಿಸಿ ತೋರಿಸಿದೆ. ಕೊಂಡಿ ಹದಕ್ಕೆ ಬಂದಾಗ ಹಲಗೆಗೆ ಹಲಗೆಯೇ ಒಂದಾಗಿ ಮಿನುಗಿತು. ಗಲಾಟೆಯ ಕ್ಲಾಸು ಅದು, ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದರು.

ಅವರು ಹೋದ ಮೇಲೆ ನಿನ್ನದರಂಥ ಎರಡು ದೀಪದ ಹಲಗೆಯನ್ನೇ ಮತ್ತೊಂದು ಮಾಡಿ ನೋಡುತ್ತಿದ್ದೆ. ಈ ಸಲ ತಿರುಪನ್ನು ಮೆಲ್ಲಗೆ ಸಡಿಲಿಸಲಿಲ್ಲ, ಕೊಂಡಿಯನ್ನು ಒಮ್ಮೆಲೇ ಕಿತ್ತೆ. ಕೆಳಗಿನ ದೀಪ ಕೂಡಲೇ ತನ್ನ ಲಯ ಹಿಡಿಯಲಿಲ್ಲ. ಕತ್ತಲಾಗಿಯೇ ಉಳಿಯಿತು. ಬಹಳ ಕಾಲ ಇನ್ನೊಬ್ಬರ ತಾಳಕ್ಕೆ ನಡೆದದ್ದಕ್ಕೆ ತನ್ನ ತಾಳ ನೆನಪಿಗೆ ಬರಲು ಹೊತ್ತು ಹಿಡಿಯುತ್ತದೆ. ಮೇಲಿನದು ಮಿನುಗುತ್ತಲೇ ಇತ್ತು. ನಾನು ನೋಡುತ್ತ ನಿಂತೆ. ಆಮೇಲೆ ಅದು ಒಮ್ಮೆ ಮಿನುಗಿತು.

ಅವ್ವ ಬೀಳುತ್ತಿದ್ದದ್ದು ಆ ಕತ್ತಲಿನಲ್ಲಿ ಅಲ್ಲವೇ ಚೆನ್ನಿ? ಕುರುಗೋಡಿನ ಅಂಗಳದಲ್ಲಿ ರಾಗಿ ಕೇರುತ್ತ ಕುಳಿತವಳು ಮೊರದ ಮೇಲೆಯೇ ಒರಗುತ್ತಿದ್ದಳು. ಮುಖ ಬೂದಿ. ಎದ್ದಾಗ ಕೆಂಪು. ಕೊನೆಯ ಸಲ ಮಾತ್ರ ಎದ್ದಿರಲಿಲ್ಲ. ಅದು ಮೂರ್ಛೆ ರೋಗ ಆಗಿರಲಿಲ್ಲ. ನೀನು ವೈದ್ಯೆ. ಹೌದೋ ಅಲ್ಲವೋ ಎಂದಷ್ಟೇ ಬರೆ.

ಕೊಟ್ರಬಸಪ್ಪ


ಸಿರುಗುಪ್ಪ
9 ಅಕ್ಟೋಬರ್ 1976

ಅಣ್ಣಾ,

ಪಾರಮ್ಮ ತೀರಿಕೊಂಡಳು.

ದಸರಾಕ್ಕೆ ಇನ್ನೇನು ಸ್ವಲ್ಪ ದಿನ ಇದ್ದವು. ಕಳೆ ಕೀಳುತ್ತಿದ್ದವಳು ನೀರು ಕುಡಿಯಲು ಕಾಲುವೆಗೆ ಹೋಗಿದ್ದಳಂತೆ. ದಂಡೆಯ ಮೇಲೆ ಬಿದ್ದಿದ್ದಳು. ಜೊತೆಯ ಹೆಂಗಸರು ಓಡಿಬಂದು ಮಾತ್ರೆ ಇಟ್ಟರು, ಎದೆ ತಿಕ್ಕಿದರು. ಕಬ್ಬಿಣ ಯಾರೂ ಹಿಡಿಸಲಿಲ್ಲ. ಅವರಿಗೆ ಈಗ ಗೊತ್ತಿತ್ತು. ಗೊತ್ತಿದ್ದದ್ದರಿಂದ ಏನೂ ಆಗಲಿಲ್ಲ. ನಾನು ಹೋಗುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಹುಲುಗಮ್ಮ ನನ್ನ ಕಾಲ ಹತ್ತಿರ ಕುಳಿತು ಒಂದೇ ಸಮನೆ ತನ್ನ ಎದೆ ತಟ್ಟಿಕೊಳ್ಳುತ್ತಿದ್ದಳು. ಎರ್ರಣ್ಣ ಹೊಲದ ಕಡೆ ಮುಖ ಮಾಡಿ ನಿಂತಿದ್ದ.

ನಿನ್ನ ಪತ್ರ ಬಂದು ಇಷ್ಟು ದಿನ ಮೇಜಿನ ಮೇಲೆ ಬಿದ್ದಿತ್ತು. ಈಗ ಮುಚ್ಚಿಡಲು ನನ್ನಲ್ಲಿ ಶಕ್ತಿಯಿಲ್ಲ. ಹೌದು. ಅವ್ವನದೂ ಇದೇ. ಪಾರಮ್ಮನ ಕೊರಳು ಕಂಡ ಮೊದಲ ದಿನವೇ ನನಗೆ ಗೊತ್ತಾಯಿತು. ಅವ್ವನ ಮಡಿಲಲ್ಲಿ ಮಲಗಿದಾಗ ಅವಳ ಕೊರಳ ನರ ಕುಣಿಯುವುದನ್ನು ಬೆರಳಿಂದ ಒತ್ತಿ ಆಟವಾಡುತ್ತಿದ್ದೆ. ನಾನು ಅಷ್ಟು ಚಿಕ್ಕವಳೇನಲ್ಲ, ನೆನಪಿದೆ.

ನಿನಗೆ ಬರೆಯಲಿಲ್ಲ. ಯಾವ ರೋಗದ ಹೆಸರು ಹೇಳಿ ನೀನು ಸುವರ್ಣಮ್ಮನನ್ನು ಬಿಟ್ಟೆಯೋ, ಒಂಟಿಯಾಗಿ ಉಳಿದೆಯೋ, ಆ ರೋಗ ನಮ್ಮ ಮನೆಯಲ್ಲಿ ಇರಲೇ ಇಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ?

ಚೆನ್ನಿ


ಬಳ್ಳಾರಿ
14 ಅಕ್ಟೋಬರ್ 1976

ಚೆನ್ನಿ,

ಇವತ್ತು ಕ್ಲಾಸು ತೆಗೆದುಕೊಳ್ಳಲಿಲ್ಲ. ನಾನು ಕಾಣದ ಆ ಹೆಂಗಸಿಗಾಗಿ ಕೋಣೆಯಲ್ಲಿ ಕುಳಿತಿದ್ದೆ.

ಸುವರ್ಣಮ್ಮನ ವಿಚಾರಕ್ಕೆ ನೀನು ಮನಸ್ಸು ಕೆಡಿಸಿಕೊಳ್ಳಬೇಡ. ಅದು ಮುಗಿದ ಮಾತು.

ಪಾರಮ್ಮನ ಕೊನೆಯ ಗಳಿಗೆಯನ್ನೇ ನೆನೆದು ನೀನು ಕೊರಗುತ್ತಿರುತ್ತೀ. ಒಂದು ಮಾತು ಹೇಳುತ್ತೇನೆ, ಸಮಾಧಾನ ಮಾಡಿಕೋ. ಆಕೆಗೆ ನೋವಾಗಿಲ್ಲ. ಮೊದಲು ಸದ್ದು ಹೋಗುತ್ತದೆ. ಪಕ್ಕದಲ್ಲಿ ಮಾತಾಡುತ್ತಿರುವವರ ದನಿ ಬಾವಿಯ ತಳದಿಂದ ಬಂದಂತಾಗುತ್ತದೆ. ಆಮೇಲೆ ಬೆಳಕು ಅಂಚಿನಿಂದ ಮಡಚಿಕೊಳ್ಳುತ್ತ ಬರುತ್ತದೆ. ನಾಲಿಗೆಯ ಮೇಲೆ ತಾಮ್ರದಂಥ ರುಚಿ. ಹೆದರಬೇಕು ಎಂದುಕೊಳ್ಳುವಷ್ಟರಲ್ಲಿ ಹೆದರುವವರೇ ಇರುವುದಿಲ್ಲ. ಕಷ್ಟವೆಲ್ಲ ತಿರುಗಿ ಬರುವಾಗ. ಕುತ್ತಿಗೆಯಿಂದ ಬಿಸಿ ಏರುತ್ತದೆ, ಸುತ್ತ ನಿಂತ ಕಾಲುಗಳು ಕಾಣುತ್ತವೆ, ನಾಚಿಕೆಯಾಗುತ್ತದೆ. ಪಾರಮ್ಮನಿಗೆ ಈ ಸಲ ಆ ನಾಚಿಕೆ ಇರಲಿಲ್ಲ.

ಎರ್ರಣ್ಣನಿಗೆ ಇದನ್ನು ನಿನ್ನ ಮಾತಿನಲ್ಲಿ ಹೇಳು.

ಕೊಟ್ರಬಸಪ್ಪ


ತಂತಿ
ಸಿರುಗುಪ್ಪ, 16 ಅಕ್ಟೋಬರ್ 1976

ಯಾವ ಪುಸ್ತಕದಲ್ಲೂ ಆ ರುಚಿ ಬರೆದಿಲ್ಲ. ಸೈಕಲ್ ಹತ್ತಬೇಡ. ಕೋಣೆ ಬಿಡಬೇಡ. ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಚೆನ್ನಿ


ವೆಲ್ಲೂರು
14 ನವೆಂಬರ್ 1976

ಚೆನ್ನಿ,

ನೀನು ರಜೆ ಮುಗಿಸಿ ಹೊರಟ ಮೇಲೆ ಹೊಲಿಗೆ ಬಿಚ್ಚಿದರು. ಎಡಗೈ ಎತ್ತಬೇಡವೆಂದಿದ್ದಾರೆ, ಬಲಗೈ ಪತ್ರ ಬರೆಯಬಹುದು. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ನೀನು ನನ್ನ ಮಣಿಕಟ್ಟು ಬಿಡದೆ ಹಿಡಿದುಕೊಂಡಿದ್ದೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಮೊದಲ ಸಲ ಬಿದ್ದದ್ದು ಮದರಾಸಿನ ಹಾಸ್ಟೆಲಿನಲ್ಲಿ, ಎಂ.ಎಸ್ಸಿ. ಓದುವಾಗ. ಗೆಳೆಯರು ಬಿಸಿಲು ಎಂದರು, ನಾನೂ ಬಿಸಿಲು ಎಂದೆ. ಎರಡನೆಯದು ಸುವರ್ಣಮ್ಮನನ್ನು ನೋಡಲು ಹೋಗುವ ಹಿಂದಿನ ವಾರ. ನಾನು ಬೇಡವೆಂದದ್ದು ಅವ್ವನ ರಕ್ತಕ್ಕೆ ಅಂಜಿ ಅಲ್ಲ, ನನ್ನದಕ್ಕೇ ಅಂಜಿ. ಅದನ್ನು ಯಾರ ಮುಂದೂ ಹೇಳಲು ಬಾಯಿ ಬರಲಿಲ್ಲ. ಹೋದ ಬೇಸಿಗೆಯಿಂದ ಹೆಚ್ಚಾಗಿತ್ತು. ನೀನು ಎದುರು ಕೂತರೆ ಮಾತಿಗಿಂತ ಮೊದಲು ನಾಡಿ ಹಿಡಿಯುವವಳು. ಅದಕ್ಕೇ ಪಂಚಮಿಗೆ ಬರಲಿಲ್ಲ. ಕಾಲೇಜಿಗೆ ನೀನು ಬಂದ ದಿನ, ಅಂಗಳ ದಾಟಿ ಬರುವುದನ್ನು ಕಿಟಕಿಯಿಂದ ಕಂಡೆ. ಹಿಂದಿನ ಗೇಟಿನಿಂದ ಹೊರಗೆ ಹೋದೆ. ಕೋಟೆಯ ಕಡೆಯ ಮರದ ಕೆಳಗೆ ನಿನ್ನ ಬಸ್ಸು ಹೊರಡುವ ತನಕ ನಿಂತಿದ್ದೆ.

ಇಲ್ಲಿಗೆ ಬಂದ ಮೊದಲ ದಿನ ನೀನು ಔಷಧಿ ತರಲು ಹೋದಾಗ ನಡೆದದ್ದನ್ನು ನಿನಗೆ ಹೇಳಲಿಲ್ಲ. ದೊಡ್ಡ ಡಾಕ್ಟರು ಕಾಗದಗಳನ್ನು ತಿರುವಿ, ಸಿರುಗುಪ್ಪದಿಂದ ಬರಬೇಕಾದವರು ಹೆಂಗಸು ಅಲ್ಲವೇ, ಪಾರಮ್ಮ ಎಲ್ಲಿ ಎಂದು ಕೇಳಿದರು. ನಾನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಆಕೆಯ ಹೆಸರು ಹೊಡೆದು ನನ್ನ ಹೆಸರು ಬರೆದುಕೊಂಡರು. ಡಬ್ಬಿಗಳು ಎಣಿಸಿದಷ್ಟೇ ಬರುತ್ತವಂತೆ. ಇದು ಆಕೆಗೆಂದು ಇಟ್ಟದ್ದು.

ಮೊದಲ ಪತ್ರದಲ್ಲೇ ಅವ್ವನ ಮಾತು ಬರೆದಿದ್ದರೆ ಎಂದು ಬರುವಾಗ ದಾರಿಯುದ್ದಕ್ಕೂ ನೀನು ಅಳುತ್ತಿದ್ದೆ. ನಾನು ಮೊದಲ ಉತ್ತರದಲ್ಲೇ ನನ್ನ ಮಾತು ಬರೆದಿದ್ದರೆ ಏನಾಗುತ್ತಿತ್ತೆಂದು ನಾನು ಹಾಸಿಗೆಯಲ್ಲಿ ಯೋಚಿಸುತ್ತೇನೆ. ಆಗಸ್ಟಿನಲ್ಲೇ ನಾನೇ ಕರೂರಿಗೆ ಹೋಗಿ, ನೋಡವ್ವಾ, ನನಗೂ ಇದೇ ಇದೆ, ಇಬ್ಬರೂ ಕೂಡಿ ಹೋಗೋಣ ಬಾ ಎನ್ನುತ್ತಿದ್ದೆ. ಹುಲುಗಮ್ಮನಿಗೆ ದೀಪದ ಹಲಗೆಯೇ ಬೇಕಾಗುತ್ತಿರಲಿಲ್ಲ. ಮಾತಾಡಬಲ್ಲ ಇನ್ನೊಬ್ಬ ರೋಗಿ ಎದುರಿಗೆ ಇರುತ್ತಿದ್ದ.

ಸುವರ್ಣಮ್ಮನನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂದು ನೀನು ದಾರಿಯಲ್ಲಿ ಕೇಳಿದ್ದೆ. ರೋಗ ನಮ್ಮ ರಕ್ತದಲ್ಲಿ ಇದ್ದದ್ದು ನಿಜವೇ ಆಯಿತು, ಹೆಸರು ಮಾತ್ರ ಬೇರೆ. ಆದರೆ ಆಕೆಗೆ ಇದ್ದದ್ದನ್ನು ಇದ್ದಂತೆ ಹೇಳಿ, ತೀರ್ಮಾನವನ್ನು ಆಕೆಗೆ ಬಿಡಬಹುದಾಗಿತ್ತು. ನಾನೊಬ್ಬನೇ ಇಬ್ಬರ ಪಾಲಿನದನ್ನೂ ತೀರ್ಮಾನಿಸಿದೆ.

ಎದೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ಇಂದಿಗೂ ಮಾತಿಲ್ಲ. ಡಬ್ಬಿ ತನ್ನ ಪಾಡಿಗೆ ತಟ್ಟುತ್ತದೆ, ಕೆಳಗಿನದು ಕೇಳುತ್ತದೆ. ಮೊದಲ ಕೆಲವು ದಿನ ಕಣ್ಣು ಮುಚ್ಚಲು ಅಂಜಿಕೆಯಾಗುತ್ತಿತ್ತು. ಈಗ ನಿದ್ದೆ ಬರುತ್ತದೆ.

ಕೊಟ್ರಬಸಪ್ಪ


ಸಿರುಗುಪ್ಪ
12 ಫೆಬ್ರುವರಿ 1977

ಅಣ್ಣಾ,

ಈ ಚೀಟಿ ತಂದವನು ಎರ್ರಣ್ಣ. ಜೊತೆಯಲ್ಲಿರುವುದು ಹೊನ್ನೂರಿ. ತಾಯಿಯ ರೋಗ ಇವಳಿಗೂ ಇರಬಹುದೇ ಎಂದು ಅವನಾಗಿ ಬಂದು ಕೇಳಿದ. ನಾಡಿ ಸರಿಯೆನಿಸುತ್ತದೆ, ಆದರೂ ಪಟ್ಟಿ ತೆಗೆಸದೆ ಹೇಳಲಾರೆ. ನಾನು ವಾರ್ಡು ಬಿಟ್ಟು ಬರುವಂತಿಲ್ಲ. ದೊಡ್ಡ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು.

ನಿನ್ನ ವಿಚಾರ ಅವನಿಗೆ ನಾನು ಹೇಳಿಲ್ಲ.

ಚೆನ್ನಿ


ಬಳ್ಳಾರಿ
14 ಫೆಬ್ರುವರಿ 1977

ಚೆನ್ನಿ,

ಮೊದಲು ಮುಖ್ಯವಾದದ್ದು: ಮಗುವಿನ ಎದೆ ಗಟ್ಟಿಯಾಗಿದೆ. ಪಟ್ಟಿಯನ್ನು ಡಾಕ್ಟರು ನನ್ನ ಕೈಗೇ ಕೊಟ್ಟರು. ಪ್ರತಿ ಚಿಕ್ಕ ಅಲೆಯ ಹಿಂದೆಯೂ ದೊಡ್ಡ ಅಲೆ ಇತ್ತು. ಎಲ್ಲಿಯೂ ತಪ್ಪಿಲ್ಲ. ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದ ಎರ್ರಣ್ಣ, ತಲೆ ಎತ್ತದೆ ಕೇಳಿದ.

"ಸರ, ದಸರಾದ ಮೊದ್ಲ ಹೋಗಿದ್ರ ಆಕಿ ಬದುಕ್ತಿದ್ಲೇನ್ರಿ?"

ಹಣೆಬರಹ ಎನ್ನಬಹುದಾಗಿತ್ತು. ಎಲ್ಲರೂ ಅದನ್ನೇ ಹೇಳಿರುತ್ತಾರೆ, ಅವನು ಅದನ್ನು ಕೇಳಲು ಇಷ್ಟು ದೂರ ಬಂದಿರಲಿಲ್ಲ. "ಬದುಕ್ತಿದ್ಲು ಎರ್ರಣ್ಣ," ಎಂದೆ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಆಕೆಯ ಸರದಿಯಲ್ಲಿ ಹೋದವನು ನಾನು, ಆಕೆಗೆಂದು ಇಟ್ಟದ್ದು ಇಲ್ಲಿದೆ ಎಂದು ಹೇಳಿದೆ. ಅವನು ಸಿಟ್ಟಾಗಬಹುದು ಎಂದುಕೊಂಡಿದ್ದೆ, ಆಗಲೆಂದೇ ಹೇಳಿದೆ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಡಬ್ಬಿಯ ಮೇಲೆ ಅಂಗೈ ಇಟ್ಟ. ಭತ್ತದ ಕೆಲಸದ ಕೈ, ಒರಟು. ಎಷ್ಟೋ ಹೊತ್ತು ಹಾಗೇ ಇಟ್ಟಿದ್ದ. ಮಗು ನಮ್ಮಿಬ್ಬರನ್ನೂ ನೋಡುತ್ತಿತ್ತು.

ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದ. "ನಮ್ಮವ್ವಗ ಇದು ಹೇಳಬ್ಯಾಡ್ರಿ. ದಸರಾ ಆಗ್ಲಿ ಅಂದಾಕಿ ಆಕಿನ. ನಾ ಒಬ್ಬನ ಹೊತ್ಕೋತೀನಿ."

ನಾವಿಬ್ಬರೂ ಬಚ್ಚಿಟ್ಟು ಏನಾಯಿತೆಂದು ನಮಗೆ ಗೊತ್ತು. ಇನ್ನು ಮೇಲೆ ಯಾರಿಂದಲೂ ಏನನ್ನೂ ಮುಚ್ಚುವುದಿಲ್ಲ ಎಂದು ವೆಲ್ಲೂರಿನಲ್ಲಿ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಆದರೂ ಅವನಿಗೆ ಹೂಂ ಎಂದೆ. ಬಸ್ಸು ಹೋದ ಮೇಲೆ ಬಹಳ ಹೊತ್ತು ನಿಲ್ದಾಣದಲ್ಲೇ ನಿಂತಿದ್ದೆ.

ಹುಲುಗಮ್ಮ ಆಸ್ಪತ್ರೆಗೆ ಬಂದು ನಿನ್ನನ್ನೇ ಕೇಳಿಯಾಳು. ಏನು ಹೇಳಬೇಕೆಂದು ನನಗೆ ತಿಳಿಯದು, ಚೆನ್ನಿ. ಅವಳ ಕೈ ಹಿಡಿದುಕೋ. ನಾಡಿ ನೋಡುವ ನೆಪದಲ್ಲಾದರೂ ಹಿಡಿದುಕೋ.

ನಿನ್ನ ಅಣ್ಣ
ಕೊಟ್ರಬಸಪ್ಪ